ಒಂದು ಕಳೆ ಬಿಡಬೇಡ

ಮಲ್ಕಾಜ್‌ಗಿರಿ, ಹೈದರಾಬಾದ್
12 ಜೂನ್ 2006

ಮಾನ್ಯ ಚಂದ್ರಕಾಂತ ಅವರಿಗೆ,

ನಮಸ್ಕಾರ. ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನೀವು ಮಾತ್ರ ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಮೂರು ತಿಂಗಳಿಂದ ದಿನವಿಡೀ ನಿಮ್ಮ ಬರವಣಿಗೆಯನ್ನೇ ಓದುತ್ತಿದ್ದೇನೆ.

ನನ್ನ ಹೆಸರು ಅಪೂರ್ವ, ಮೈಸೂರಿನವಳು. ನೀವು ಆರು ವರ್ಷದ ಹಿಂದೆ ಬಿಟ್ಟ ಕಂಪನಿಯಲ್ಲಿ ಹೋದ ವರ್ಷ ಸೇರಿದೆ. ಆಸ್ಪತ್ರೆಯಲ್ಲಿ ರೋಗಿಯ ಮಂಚದ ಪಕ್ಕ ನಿಂತು ನಾಡಿ ಬಡಿತ ತೋರಿಸುವ ನಮ್ಮ ಮಾನಿಟರ್ ಇದೆಯಲ್ಲ, ಅದರ ಡ್ರೈವರ್ ಕೋಡು ಈಗ ನನ್ನ ಪಾಲಿಗೆ ಬಂದಿದೆ. ಯಂತ್ರ ಕಳಿಸುವ ಅಂಕೆಗಳನ್ನು ಎತ್ತಿ ಪರದೆಗೆ ಮುಟ್ಟಿಸುವ ಆ ಸಿ ಪ್ರೋಗ್ರಾಮು ಪೂರ್ತಿ ನಿಮ್ಮದೇ ಕೈ.

ನನಗೇ ಏಕೆ ಕೊಟ್ಟರು ಎಂದರೆ, ನಿಮ್ಮ ಟಿಪ್ಪಣಿಗಳೆಲ್ಲ ಕನ್ನಡದಲ್ಲಿವೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಇಲ್ಲಿ ಎಲ್ಲರೂ ತೆಲುಗಿನವರು, ಅದನ್ನು ಯಾವುದೋ ಗುಪ್ತ ಸಂಕೇತ ಎಂದುಕೊಂಡಿದ್ದರು. ಮ್ಯಾನೇಜರ್ ಸಾಂಬಶಿವರಾವ್ ನನ್ನನ್ನು ಕರೆದು, "ಇದು ನಿಮ್ಮ ಭಾಷೆಯೇ ನೋಡಮ್ಮ" ಎಂದರು. ತೆರೆದು ನೋಡಿದರೆ ಮೊದಲ ಪುಟದಲ್ಲೇ "ಈ ಸಾಲು ಮುಟ್ಟಿದರೆ ಕೈ ಸುಡುತ್ತದೆ" ಎಂದಿತ್ತು. ಅದರ ಕೆಳಗೆ "ಇಂದು ಶಿವದೇವಿಯ ಉಪವಾಸ, ನಾನೂ ಬೇಗ ಮನೆಗೆ" ಎಂದಿತ್ತು. ಆಫೀಸಿನಲ್ಲಿ ಒಬ್ಬಳೇ ನಕ್ಕೆ. ಸೇರಿದ ಮೇಲೆ ಅಲ್ಲಿ ನಕ್ಕದ್ದು ಅದೇ ಮೊದಲು.

ಈಗ ಕೆಲಸದ ಮಾತು. ನೀವು ಎಲ್ಲ ಕಡೆ ಅಂಕೆ ತುಂಬುವ ಅರೇಯನ್ನು [1], ಅಂದರೆ ಒಂದೇ ಜಾಗ, ಎಂದು ಬರೆದಿದ್ದೀರಿ, ತುಂಬುವುದು ಮಾತ್ರ ನಲವತ್ತು ಐವತ್ತು. ನಮ್ಮ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಹೊಸ ಕಂಪೈಲರು ಈ ಆಟಕ್ಕೆ ಒಪ್ಪುತ್ತಿಲ್ಲ, ಎರಡನೆಯ ಅಂಕೆ ಬಂದ ಕೂಡಲೇ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಎಲ್ಲವನ್ನೂ ಖಾಲಿ ಬ್ರಾಕೆಟ್ಟಿಗೆ, [] ಎಂದು ಬದಲಿಸಬೇಕಂತೆ. ಮುಟ್ಟುವ ಮೊದಲು ನಿಮ್ಮನ್ನು ಒಂದು ಮಾತು ಕೇಳೋಣ ಅನ್ನಿಸಿತು. ಹಳೆಯ ಫೈಲಿನಲ್ಲಿ ಬೀದರಿನ ಈ ವಿಳಾಸ ಸಿಕ್ಕಿತು.

ತಮ್ಮ ವಿಶ್ವಾಸಿ,
ಅಪೂರ್ವ

*

ಬೀದರ
24 ಜೂನ್ 2006

ಚಿ. ಅಪೂರ್ವಳಿಗೆ ಆಶೀರ್ವಾದ.

ನಿನ್ನ ವಯಸ್ಸು ಕಾಗದದಲ್ಲೇ ಗೊತ್ತಾಯಿತು, ಅದಕ್ಕೆ "ನೀನು" ಎಂದೇ ಬರೆಯುತ್ತೇನೆ. ಸಿಟ್ಟು ಬಂದರೆ ತಿಳಿಸು. ಕಾಗದವನ್ನು ನನ್ನ ಹೆಂಡತಿ ಶಿವದೇವಿಗೆ ಓದಿ ಹೇಳಿದೆ. ಅವಳ ಉಪವಾಸವನ್ನು ಆಫೀಸಿನ ಯಂತ್ರದೊಳಗೆ ಬರೆದಿಟ್ಟು ಬಂದಿದ್ದೇನೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು. ಎರಡು ದಿನ ಮಾತು ಬಿಟ್ಟಿದ್ದಳು.

ಒಂದರ ಸಂಗತಿ ಹೀಗೆ. ಯಂತ್ರ ಒಂದು ಸಲಕ್ಕೆ ಎಷ್ಟು ಅಂಕೆ ಕಳಿಸುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ನಮ್ಮ ಕಾಲದ ಕಂಪೈಲರಿಗೆ ಖಾಲಿ ಬ್ರಾಕೆಟ್ ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ಎಲ್ಲರೂ [1] ಎಂದು ಬರೆದು, ಹಿಂದಿನಿಂದ ಬೇಕಾದಷ್ಟು ಜಾಗ ಕೇಳಿ ಪಡೆಯುತ್ತಿದ್ದೆವು. ಪಂಕ್ತಿಗೆ ಒಂದೇ ಪತ್ರೋಳಿ ಎಂದು ಅಡುಗೆಯವನಿಗೆ ಹೇಳಿ, ನಲವತ್ತು ಮಂದಿಯನ್ನು ಕೂಡಿಸಿ ಉಣ್ಣಿಸಿದ ಹಾಗೆ. ಅವನು ಎಣಿಸದಿದ್ದಷ್ಟು ದಿನ ನಡೆಯಿತು. ಈಗಿನ ಅಡುಗೆಯವನು ಎಣಿಸುತ್ತಾನೆ, ಒಳ್ಳೆಯದೇ. ಸುಳ್ಳು ಅದು, ಬದಲಿಸು.

ಆದರೆ ಜೋಪಾನ. [1] ಎಂದಾಗ ಒಂದರ ಜಾಗ ಮೊದಲೇ ಸಿಕ್ಕಿರುತ್ತದೆ, ಆದ್ದರಿಂದ ಜಾಗ ಕೇಳುವಲ್ಲೆಲ್ಲ ಒಂದು ಕಡಿಮೆ ಕೇಳಿದ್ದೇನೆ. ಬ್ರಾಕೆಟ್ ಖಾಲಿ ಮಾಡಿದ ಮೇಲೆ ಆ ಮೈನಸ್ ಒಂದುಗಳೂ ಹೋಗಬೇಕು. ಇಲ್ಲದಿದ್ದರೆ ಕೊನೆಗೆ ಕೂತವನಿಗೆ ಊಟ ಇಲ್ಲ. ಒಂದೇ ಒಂದು ಕಡೆ ಬೇರೆ ಕಾರಣಕ್ಕೆ ಏನೋ ಮಾಡಿದ ನೆನಪು. ಏನೆಂದು ಈಗ ಹೊಳೆಯುತ್ತಿಲ್ಲ. ಅಲ್ಲೇ ಬರೆದಿಟ್ಟಿರುತ್ತೇನೆ, ಓದು.

ಫೋನು ಇದೆ, ನಂಬರು ಕೊಡುವುದಿಲ್ಲ. ಫೋನಿನಲ್ಲಿ ನಾನು ಜಗಳಗಂಟ ಎಂದು ಶಿವದೇವಿಯ ಅಭಿಪ್ರಾಯ. ಈಗ ಇಲ್ಲಿನ ಕನ್ನಡ ಶಾಲೆಯಲ್ಲಿ ಐದನೆಯ ಇಯತ್ತೆಗೆ ಗಣಿತ ಹೇಳುತ್ತೇನೆ. ಆ ಮಕ್ಕಳು ಕಂಪೈಲರಿಗಿಂತ ಕಠಿಣ.

ಚಂದ್ರಕಾಂತ

*

ಮಲ್ಕಾಜ್‌ಗಿರಿ
19 ಜುಲೈ 2006

ಪ್ರೀತಿಯ ಸರ್,

ಸಿಟ್ಟು ಬರಲಿಲ್ಲ. ಇಲ್ಲಿ ನನ್ನನ್ನು "ನೀನು" ಎನ್ನುವವರು ಗಿರಿಜಾಬಾಯಿ ಒಬ್ಬರೇ ಇದ್ದರು, ಈಗ ಇಬ್ಬರಾದಿರಿ. ನಾನು ಅವರ ಮನೆಯ ಮಹಡಿಯ ಕೋಣೆಯಲ್ಲಿದ್ದೇನೆ. ಅವರ ಯಜಮಾನರು ರೈಲ್ವೆಯಲ್ಲಿದ್ದು ತೀರಿಕೊಂಡವರು. ಆಕೆ ನಿಮ್ಮ ಕಡೆಯವರೇ, ಹುಮನಾಬಾದ. ಬೀದರದಿಂದ ಕಾಗದ ಬಂತೆಂದು ನನಗಿಂತ ಮೊದಲು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಸರ್ ಅಂದ್ರ ಏನವ್ವಾ, ಸಾಲ್ಯಾಗ ಅದೀ ಏನು? ಕಾಕಾ ಅನ್ನು" ಎಂದು ಬೈದರು. ಮುಂದಿನ ಸಲ ಅಭ್ಯಾಸ ಮಾಡಿಕೊಳ್ಳುತ್ತೇನೆ.

ಕೆಲಸ ಮುಗಿಯಿತು. ಹದಿನೇಳು [1] ಇದ್ದವು, ಹದಿನೇಳೂ ಖಾಲಿ. ಮೈನಸ್ ಒಂದುಗಳು ಹನ್ನೆರಡು ಕಡೆ ಸಿಕ್ಕವು. ನೀವು ಹೇಳಿದ ಆ ಒಂದು ಜಾಗದಲ್ಲಿ ಬರೆದದ್ದನ್ನೂ ಓದಿದೆ. ನಗು ಬಂತು. ನೀವು ಹೇಳಿದಂತೆಯೇ ಅಕ್ಷರಶಃ ಮಾಡಿದ್ದೇನೆ.

ಹೊಸ ಕಂಪೈಲರು ಒಂದು ಮಾತೂ ಆಡದೆ ಒಪ್ಪಿತು. ಆಫೀಸಿನ ಪರೀಕ್ಷೆಯೂ ದಾಟಿತು. ಆಗಸ್ಟ್ ಕೊನೆಗೆ ಆರು ಯಂತ್ರ ಒಂದು ಆಸ್ಪತ್ರೆಗೆ ಪ್ರಯೋಗಕ್ಕೆ ಹೋಗುತ್ತವೆ. ಅದು ಸರಿಯಾದರೆ ಅಕ್ಟೋಬರಿನಲ್ಲಿ ನನ್ನ ಕೆಲಸ ಕಾಯಂ. ಅಮ್ಮನಿಗೆ ಇನ್ನೂ ಹೇಳಿಲ್ಲ, ಹೇಳಿದರೆ ಚಾಮುಂಡಿ ಬೆಟ್ಟಕ್ಕೆ ಹರಕೆ ಕಟ್ಟಿಬಿಡುತ್ತಾಳೆ.

ಅಪೂರ್ವ

*

ಬೀದರ
5 ಆಗಸ್ಟ್ 2006

ಚಿ. ಅಪೂರ್ವ,

ಭಾಳ ಸಂತೋಷ. ಶಿವದೇವಿ ಗಿರಿಜಾಬಾಯಿಯ ತವರು ಯಾವ ಓಣಿ ಎಂದು ಕೇಳುತ್ತಾಳೆ, ತಿಳಿಸು. ಇಲ್ಲದಿದ್ದರೆ ನನಗೆ ಊಟ ಸಿಗುವುದಿಲ್ಲ.

ಒಂದು ಸಣ್ಣ ವಿಷಯ ಕೇಳಬೇಕಿತ್ತು. ಪ್ರತಿ ಫೈಲಿನ ನೆತ್ತಿಯ ಮೇಲೆ ನನ್ನ ಹೆಸರು ಇತ್ತು. ಈಗಲೂ ಇದೆಯೇ? ತೆಗೆದಿದ್ದರೂ ಬೇಸರ ಇಲ್ಲ ಎಂದು ಬರೆಯಬೇಕೆಂದಿದ್ದೆ. ಬರೆಯಲು ಹೋದರೆ ಸುಳ್ಳಾಗುತ್ತದೆ.

ಸಾಂಬಶಿವ ನನ್ನ ಕೈಕೆಳಗೆ ಕಲಿತವನು. ಜಾಣ. ದಿನಾ ಮಧ್ಯಾಹ್ನ ನನ್ನ ಡಬ್ಬಿಯ ರೊಟ್ಟಿ ಅರ್ಧ ಅವನದೇ. ಕೊನೆಗೆ ಅವನೇ ನನ್ನ ಮೇಲಿನ ಅಧಿಕಾರಿಯಾದ. ಅದಕ್ಕೆ ಬೇಜಾರಿರಲಿಲ್ಲ. ಒಂದು ದಿನ ಎಲ್ಲರ ಮುಂದೆ, "ಈ ಮನುಷ್ಯ ಬರೆದದ್ದನ್ನು ಯಾರೂ ಓದಲಾರರು, ನಾಳೆ ಇವರು ಸತ್ತರೆ ನಮ್ಮ ಗತಿ ಏನು" ಎಂದ. ನಾನು ಸಾಯುವ ಬದಲು ರಾಜೀನಾಮೆ ಕೊಟ್ಟೆ. ಅಂದಿನಿಂದ ಅವನೊಂದಿಗೆ ಮಾತಿಲ್ಲ. ಒಂದು ಸಾಲು ಕೋಡೂ ಬರೆದಿಲ್ಲ.

ಇದನ್ನು ಅವನಿಗೆ ಹೇಳುವ ಅಗತ್ಯ ಇಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಚಂದ್ರಕಾಂತ ಕಾಕಾ

*

ಮಲ್ಕಾಜ್‌ಗಿರಿ
11 ಸೆಪ್ಟೆಂಬರ್ 2006

ಕಾಕಾ,

ನಿಮ್ಮ ಹೆಸರು ಹಾಗೆಯೇ ಇದೆ. ಆದರೆ ಈಗ ಅದಕ್ಕೇ ಕುತ್ತು ಬಂದಿದೆ, ಮುಚ್ಚಿಡುವುದಿಲ್ಲ.

ಆಸ್ಪತ್ರೆಯಲ್ಲಿ ಆರು ಯಂತ್ರಗಳೂ ಸುಮ್ಮಸುಮ್ಮನೆ ಕೂಗುತ್ತಿವೆ. ರೋಗಿ ಎದ್ದು ಕೂತು ಉಪ್ಪಿಟ್ಟು ತಿನ್ನುತ್ತಿರುತ್ತಾನೆ, ಪರದೆಯ ಮೇಲೆ ನಾಡಿ ಇನ್ನೂರು. ಮರುಕ್ಷಣ ಎಪ್ಪತ್ತು. ಆಮೇಲೆ ಒಂಬತ್ತು. ನಾನೇ ಹೋಗಿ ಎರಡು ದಿನ ನಿಂತು ನೋಡಿದೆ. ಅಲ್ಲಿನ ನರ್ಸ್ ಮಂದಾಕಿನಿ ರಾಯಚೂರಿನವರು. "ನಿಮ್ಮ ಮಿಷಿನ್ ಭಾಳ ಸುಳ್ಳು ಹೇಳತೈತ್ರೀ. ಪೇಷಂಟ್ ಮಂದಿ ಅಂಜಾಕತ್ತಾರ. ನಾನು ಆವಾಜ್ ಬಂದ್ ಮಾಡೀನಿ" ಎಂದರು. ಅದನ್ನು ಕೇಳಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ. ನಿಜವಾಗಿ ಯಾರದೋ ನಾಡಿ ನಿಂತ ದಿನ ಯಂತ್ರ ಕೂಗುವುದಿಲ್ಲವಲ್ಲ. ಕೈಮುಗಿದು ಹೇಳಿ ಅದೇ ದಿನ ಆರನ್ನೂ ವಾಪಸು ತರಿಸಿದೆ.

ರಾವ್ ಅವರದು ಒಂದೇ ಮಾತು: "ಹಳೇ ಕೋಡು ದೆವ್ವ ಹಿಡಿದ ಮನೆ. ಎಷ್ಟು ಸುಣ್ಣ ಬಳಿದರೂ ಅಷ್ಟೆ." ನಿಮ್ಮದನ್ನು ಪೂರ್ತಿ ಎಸೆದು ಹೊರಗಿನಿಂದ ಡ್ರೈವರ್ ತರಿಸುವ ಯೋಚನೆ ನಡೆದಿದೆ. ಇಪ್ಪತ್ತನೆಯ ತಾರೀಖಿನ ಮೀಟಿಂಗಿನಲ್ಲಿ ತೀರ್ಮಾನ.

ನಾನೂ ನಿಮ್ಮ ಮೇಲೆ ಅನುಮಾನಪಟ್ಟೆ, ಕಾಕಾ. ಬ್ರಾಕೆಟ್ ಬದಲಿಸಿದ್ದು ಬಿಟ್ಟರೆ ನಾನು ಬೇರೇನೂ ಮುಟ್ಟಿಲ್ಲ, ಆದ್ದರಿಂದ ತಪ್ಪು ಮೊದಲಿನಿಂದಲೇ ಇತ್ತೇನೋ ಅಂದುಕೊಂಡೆ. ಹಾಗೆ ಅಂದುಕೊಂಡು ನಿಮಗೆ ಹೇಳದೆ ಇರಲು ಆಗಲಿಲ್ಲ. ನಿಮಗೇನಾದರೂ ಹೊಳೆಯುತ್ತದೆಯೇ?

ಅಪೂರ್ವ

*

ಬೀದರ
16 ಸೆಪ್ಟೆಂಬರ್ 2006

ಚಿ. ಅಪೂರ್ವ,

ಯಂತ್ರ ವಾಪಸು ತರಿಸಿದ್ದು ಎಲ್ಲಕ್ಕಿಂತ ಒಳ್ಳೆಯ ಕೆಲಸ. ಉಳಿದದ್ದು ಆಮೇಲೆ.

ನಿನ್ನ ಕಾಗದ ಓದಿ ಮೂರು ದಿನ ತಲೆ ಕೆರೆದುಕೊಂಡೆ. ನಾನಿದ್ದಷ್ಟು ದಿನ ಆ ಯಂತ್ರ ಒಮ್ಮೆಯೂ ಸುಳ್ಳು ಕೂಗಿರಲಿಲ್ಲ. ಆದರೆ ಆರು ವರ್ಷವಾಯಿತು, ನನ್ನ ನೆನಪಿನ ಮೇಲೆ ಆಣೆ ಮಾಡಲಾರೆ. ಅನುಮಾನಪಟ್ಟೆ ಎಂದು ಬರೆದೆಯಲ್ಲ, ಅದು ಚುಚ್ಚಿತು. ಹೇಳದೆ ಇದ್ದಿದ್ದರೆ ಇನ್ನೂ ಹೆಚ್ಚು ಚುಚ್ಚುತ್ತಿತ್ತು.

ಈಗ ಹಿರಿಯನ ಮಾತು ಕೇಳು. ಮೀಟಿಂಗಿನಲ್ಲಿ ತಪ್ಪು ಚಂದ್ರಕಾಂತನದು ಎಂದು ಹೇಳಿಬಿಡು. ಬೇಕಾದರೆ ನಾನೇ ಒಪ್ಪಿದ್ದೇನೆ ಎಂದು ಈ ಕಾಗದ ತೋರಿಸು. ನಿನಗೆ ಕೆಲಸ ಕಾಯಂ ಆಗಬೇಕು, ಮುಂದೆ ಉದ್ದದ ದಾರಿ ಇದೆ. ನನಗೆ ಅಲ್ಲಿ ಕಳೆದುಕೊಳ್ಳಲು ಏನುಳಿದಿದೆ? ಫೈಲಿನ ನೆತ್ತಿಯ ಮೇಲೆ ಒಂದು ಹೆಸರು. ಹೋದರೆ ಹೋಗಲಿ.

ಇದನ್ನು ಶಿವದೇವಿಗೆ ಓದಿ ಹೇಳಿಲ್ಲ.

ಚಂದ್ರಕಾಂತ ಕಾಕಾ

*

ಮಲ್ಕಾಜ್‌ಗಿರಿ
21 ಸೆಪ್ಟೆಂಬರ್ 2006

ಕಾಕಾ,

ನಿಮ್ಮ ಕಾಗದ ಇಂದು ಕೈಗೆ ಬಂತು. ಮೀಟಿಂಗು ನಿನ್ನೆಯೇ ಮುಗಿಯಿತು. ತಡವಾಗಿ ಬಂದದ್ದೇ ಒಳ್ಳೆಯದಾಯಿತು. ಮೊದಲೇ ಬಂದಿದ್ದರೆ ನನಗೆ ಒಂದು ಗಳಿಗೆಯಾದರೂ ಆಸೆ ಆಗುತ್ತಿತ್ತೇನೋ.

ತಪ್ಪು ನನ್ನದು. ಹೇಗೆ ಗೊತ್ತಾಯಿತು ಎಂದು ಹೇಳುತ್ತೇನೆ.

ಭಾನುವಾರ ಬೆಳಿಗ್ಗೆ ಗಿರಿಜಾಬಾಯಿ ಅಂಗಳದಲ್ಲಿ ತುಳಸಿಯ ಸುತ್ತ ಹುಲ್ಲು ಕೀಳುತ್ತಿದ್ದರು. "ಕಳೆ ಕೀಳ್ತಿದ್ದೀರಾ ಅಮ್ಮ" ಎಂದೆ. ಅವರು ತಲೆ ಎತ್ತಿ, "ಏನ್ ಕಳೀತೀ?" ಎಂದರು. "ಕಳೆ, ಕಳೆ" ಎಂದು ಹುಲ್ಲು ತೋರಿಸಿದೆ. "ಇದಕ್ಕ ಕಸ ಅಂತಾರವ್ವಾ. ಕಳಿಯೂದು ಅಂದ್ರ ಲೆಕ್ಕದಾಗಿಂದು. ಹತ್ತರಾಗ ಒಂದು ಕಳಿ, ಎಷ್ಟು ಉಳೀತು? ನಿಮ್ಮ ಮೈಸೂರಾಗ ಹುಲ್ಲಿಗೂ ಲೆಕ್ಕ ಹೇಳಸ್ತೀರೇನು" ಎಂದು ನಕ್ಕರು.

ನಾನು ನಗಲಿಲ್ಲ. ಚಪ್ಪಲಿಯನ್ನೂ ಹಾಕಿಕೊಳ್ಳದೆ ಮೆಟ್ಟಿಲು ಹತ್ತಿ ಕೋಡಿನ ಪ್ರತಿ ತೆಗೆದೆ. ಆ ಹನ್ನೆರಡನೆಯ ಜಾಗದಲ್ಲಿ ನೀವು ಹೀಗೆ ಬರೆದಿದ್ದೀರಿ: ondu kale bidabeda.

ನೀವು ಬರೆದದ್ದು "ಒಂದು ಕಳೆ, ಬಿಡಬೇಡ." ನಾನು ಓದಿದ್ದು "ಒಂದೂ ಕಳೆ ಬಿಡಬೇಡ." ಹೊಲದಲ್ಲಿ ಒಂದು ಕಳೆಯೂ ಉಳಿಯದಂತೆ ಕಿತ್ತುಬಿಡು ಎಂದು ಕಾಕಾ ತಮಾಷೆ ಮಾಡಿದ್ದಾರೆ ಎಂದುಕೊಂಡು, ಹನ್ನೊಂದು ಮೈನಸ್ ಜೊತೆಗೆ ಆ ಹನ್ನೆರಡನೆಯದನ್ನೂ ಕಿತ್ತೆಸೆದೆ. ನನ್ನ ಶಾಲೆ ಇಂಗ್ಲಿಷಿನದು. ನನ್ನ ಗಣಿತದಲ್ಲಿ ಮೈನಸ್ ಇತ್ತು, "ಕಳೆ" ಇರಲಿಲ್ಲ. ಆ ಮಾತು ನನಗೆ ಅಜ್ಜಿಯ ಗದ್ದೆಯಿಂದ ಮಾತ್ರ ಗೊತ್ತು.

ಅಲ್ಲಿ ಏಕೆ ಕಳೆಯಬೇಕಿತ್ತು ಎಂದು ಸೋಮವಾರ ಹುಡುಕಿ ತೆಗೆದೆ. ಯಂತ್ರ ಪ್ರತಿ ಸಲ ಬಡಿತಗಳೆಲ್ಲ ಮುಗಿದ ಮೇಲೆ ಕೊನೆಗೊಂದು ಅಂಕೆ ಕಳಿಸುತ್ತದೆ. ಬಂದದ್ದು ಸರಿಯಾಗಿ ಬಂತೇ ಎಂದು ತಾಳೆ ನೋಡಲು ಮಾತ್ರ ಅದು, ರೋಗಿಯ ನಾಡಿ ಅಲ್ಲ. ನೀವು ಅದನ್ನು ಕಳೆದು ಉಳಿದದ್ದನ್ನು ಪರದೆಗೆ ಕೊಡುತ್ತಿದ್ದಿರಿ. ನಾನು ಅದನ್ನೂ ನಾಡಿ ಎಂದು ತೋರಿಸಿದೆ. ಆಫೀಸಿನ ಪರೀಕ್ಷೆಯಲ್ಲಿ ಬಡಿತ ಸದಾ ಎಪ್ಪತ್ತೆರಡು, ಆ ಕೊನೆಯ ಅಂಕೆಯೂ ದೈವವಶಾತ್ ಎಂಬತ್ತರ ಹತ್ತಿರ ಬರುತ್ತಿತ್ತು. ಆದ್ದರಿಂದ ಯಾರಿಗೂ ತಿಳಿಯಲಿಲ್ಲ. ಮೈನಸ್ ಒಂದನ್ನು ಅದರ ಜಾಗದಲ್ಲಿ ಮತ್ತೆ ಇಟ್ಟೆ. ಕೂಗು ನಿಂತಿತು.

ಮೀಟಿಂಗಿನಲ್ಲಿ ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು ಹೇಳಿದೆ. ಹಳೆಯ ಕೋಡಿನಲ್ಲಿ ದೆವ್ವ ಇಲ್ಲ, ಓದಿದವಳು ನಾನು, ತಪ್ಪಾಗಿ ಓದಿದೆ ಎಂದೆ. ರಾವ್ ಎದ್ದು ಬೋರ್ಡಿನ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡರೆ, "ತೆಲುಗಿನಲ್ಲಿ ಇಂಥ ಕಸಕ್ಕೆ ಕಲುಪು ಅಂತೀವಿ. ಸೇರಿಸು ಅನ್ನೋದಕ್ಕೂ ಕಲುಪು ಅಂತಲೇ ಅಂತೀವಿ. ನೀವು ಕಳೀತೀರಿ, ನಾವು ಕೂಡಿಸ್ತೀವಿ. ಹುಲ್ಲು ಮಾತ್ರ ಒಂದೇ" ಎಂದರು. ಆಮೇಲೆ ನಿಮ್ಮ ಟಿಪ್ಪಣಿಗಳನ್ನೆಲ್ಲ ಮೊದಲಿನಿಂದ ಓದಿ ಅರ್ಥ ಹೇಳಿ ಎಂದರು. ಎರಡು ಗಂಟೆ ಓದಿದೆ. ಒಂದು ಕಡೆ "ಸಾಂಬಶಿವ ಇದನ್ನು ನನಗಿಂತ ಚೆನ್ನಾಗಿ ಬರೆದ, ಮುಟ್ಟಬೇಡಿ" ಎಂದು ಇತ್ತು. ಅದನ್ನು ಎರಡು ಸಲ ಓದಿಸಿದರು. ಆಮೇಲೆ ಕನ್ನಡಕ ಒರೆಸಿಕೊಂಡು ಹೊರಗೆ ಹೋದರು.

ಕೋಡನ್ನು ಎಸೆಯುವುದಿಲ್ಲ. ನನ್ನ ಕೆಲಸ ಕಾಯಂ ಆಗುವುದು ಆರು ತಿಂಗಳು ಮುಂದಕ್ಕೆ ಹೋಯಿತು, ನ್ಯಾಯವೇ. ನಿಮ್ಮ ಮೇಲೆ ಅನುಮಾನಪಟ್ಟದ್ದಕ್ಕೆ ಕ್ಷಮಿಸಿ ಎಂದು ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತೇನೆ.

ಅಪೂರ್ವ

*

ಬೀದರ
2 ಅಕ್ಟೋಬರ್ 2006

ಮಗಳೇ,

ಕಾಗದವನ್ನು ನಾನು ಓದಿದೆ, ಶಿವದೇವಿ ಕೇಳಿದಳು, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗುವಿನ ನೀರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೇಳಲಾರೆ. ಹಿಂದಿನ ಸಲ ಅವಳಿಗೆ ಓದದೆ ಕಳಿಸಿದ ಕಾಗದದ ಸಂಗತಿಯೂ ಹೊರಬಿತ್ತು. ಈ ಸಲ ನಾಲ್ಕು ದಿನ ಮಾತು ಬಿಟ್ಟಿದ್ದಳು.

ತಪ್ಪು ನಿನ್ನದಷ್ಟೇ ಅಲ್ಲ. ಆ ಸಾಲಿನಲ್ಲಿ ಒಂದು ಅಲ್ಪವಿರಾಮ ಹಾಕಿದ್ದರೆ ನನ್ನ ಗಂಟು ಹೋಗುತ್ತಿರಲಿಲ್ಲ. ದಿನವೂ ಮಕ್ಕಳಿಗೆ ಪಾಟಿಯ ಮೇಲೆ "ಕೂಡು, ಕಳೆ" ಎಂದು ಬರೆಸುವವನು ನಾನು, "ಕಳೆ" ಎಂದರೆ ಹುಲ್ಲು ಎನ್ನುವ ಕನ್ನಡವೂ ಒಂದಿದೆ ಎಂದು ಹೊಳೆಯಲೇ ಇಲ್ಲ. ಮೊದಲ ದಿನವೇ ನಾನು ಆ ಸಾಲಿಗೊಂದು ಕಾರಣ ಬರೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಸಾಂಬಶಿವ ಅಂದು ಆಡಿದ ಮಾತು ಒರಟು, ಸುಳ್ಳಲ್ಲ. ಇದನ್ನು ಬೇಕಾದರೆ ಅವನಿಗೆ ಹೇಳು.

ಕ್ಷಮೆಯ ಮಾತು ಬೇಡ. ಆರು ವರ್ಷ ಆ ಸಾಲನ್ನು ಯಾರೂ ಓದಲಿಲ್ಲ. ನೀನು ತಪ್ಪಾಗಿ ಓದಿದೆ. ಆದರೆ ಓದಿದೆ, ಮಗಳೇ.

ದೀಪಾವಳಿ ಪಾಡ್ಯಕ್ಕೆ ಊಟಕ್ಕೆ ಬಾ. ಮೆಹದಿಪಟ್ಟಣಂನಲ್ಲಿ ಬೀದರದ ಬಸ್ಸು ಸಿಗುತ್ತದೆ. ಗಿರಿಜಾಬಾಯಿಯನ್ನೂ ಕರೆದುಕೊಂಡು ಬಾ, ಶಿವದೇವಿ ಅವರ ಓಣಿ ಹುಡುಕಿ ನೆಂಟಸ್ತನ ಪತ್ತೆ ಹಚ್ಚಿಯಾಗಿದೆ. ಎಷ್ಟು ಮಂದಿ ಎಂದು ಮೊದಲೇ ಬರೆಯಬೇಕು. ಒಂದು ಎಂದು ಹೇಳಿ ಐದು ಮಂದಿಯನ್ನು ಕರೆತರುವ ನನ್ನ ಹಳೆಯ ಚಾಳಿ ಈ ಮನೆಯಲ್ಲಿ ಇನ್ನು ನಡೆಯುವುದಿಲ್ಲವಂತೆ.

ಕಾಕಾ

*

ಮಲ್ಕಾಜ್‌ಗಿರಿ
14 ಅಕ್ಟೋಬರ್ 2006

ಪ್ರೀತಿಯ ಕಾಕಾ, ಶಿವದೇವಿ ಕಾಕೂ,

ಬರುತ್ತೇವೆ. ಎಣಿಸಿ ಬರೆಯುತ್ತಿದ್ದೇನೆ: ಇಬ್ಬರು, ನಾನು ಮತ್ತು ಗಿರಿಜಾಬಾಯಿ. ಅವರು ಶೇಂಗಾ ಹೋಳಿಗೆ ಕಟ್ಟಿಕೊಂಡು ಬರುತ್ತಾರಂತೆ. ಬೇಡ ಎಂದರೆ ಕೇಳುವವರಲ್ಲ.

ಆರು ಯಂತ್ರಗಳೂ ಮತ್ತೆ ಆಸ್ಪತ್ರೆಗೆ ಹೋಗಿವೆ. ಹತ್ತು ದಿನದಲ್ಲಿ ಒಂದೇ ಸಲ ಕೂಗಿದ್ದು, ಅದು ನಿಜದ ಕೂಗು. ಮಂದಾಕಿನಿ ಓಡಿದರು, ಡಾಕ್ಟರು ಬಂದರು, ಮಂಚದಲ್ಲಿದ್ದ ಅಜ್ಜ ಉಳಿದುಕೊಂಡರು. ಈಗ ಮಂದಾಕಿನಿ ಆವಾಜ್ ಬಂದ್ ಮಾಡುವುದಿಲ್ಲ.

ಆ ಹನ್ನೆರಡನೆಯ ಜಾಗದಲ್ಲಿ ನಿಮ್ಮ ಸಾಲನ್ನು ಹಾಗೆಯೇ ಉಳಿಸಿ, ನಡುವೆ ಅಲ್ಪವಿರಾಮ ಹಾಕಿದ್ದೇನೆ. ಕೆಳಗೆ ಇಂಗ್ಲಿಷಿನಲ್ಲಿ ಕಾರಣ ಬರೆದಿದ್ದೇನೆ. ಫೈಲಿನ ನೆತ್ತಿಯ ಮೇಲೆ ನಿಮ್ಮ ಹೆಸರು, ಅದರ ಕೆಳಗೆ ನನ್ನದು. ನೋಡಿ ನೋಡಿ ಸಂತೋಷಪಡುತ್ತೇನೆ.

ನಿಮ್ಮ ಮಾತನ್ನು ರಾವ್ ಅವರಿಗೆ ಹೇಳಿದೆ. ಇಂದು ಮಧ್ಯಾಹ್ನ ನನ್ನ ಡಬ್ಬಿಯ ಕಡೆ ನೋಡಿ, "ಬೀದರದಲ್ಲಿ ಈಗಲೂ ಆ ರೊಟ್ಟಿ ಮಾಡ್ತಾರಾ" ಎಂದು ಕೇಳಿದರು. ಸಂಜೆ ಮನೆಯವರೆಗೆ ಬಂದರು. ಗಿರಿಜಾಬಾಯಿಯ ಹತ್ತಿರ ಏನೋ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡರು. ಗಿರಿಜಾಬಾಯಿ ಹೇಳುತ್ತಿದ್ದದ್ದು ನನಗೆ ಕೇಳಿಸಿತು: "ಕೂಡಸೂದು ಅಂದ್ರ ಲೆಕ್ಕದಾಗೂ ಆತು, ಪಂಕ್ತ್ಯಾಗೂ ಆತು. ಅದನ್ನ ಬರೀರಿ." ಆಮೇಲೆ ರಾವ್ ಈ ಕಾಗದ ಕೇಳಿ ಪಡೆದು, ಕೆಳಗೆ ಒಂದು ಸಾಲು ತಾವೇ ಬರೆಯುತ್ತೇನೆ ಎಂದರು. ಕನ್ನಡ ಅಕ್ಷರ ತೆಲುಗಿನ ತಮ್ಮನೇ ಅಂತೆ, ಕಷ್ಟವಿಲ್ಲವಂತೆ. ಅಲ್ಪವಿರಾಮವನ್ನು ಮಾತ್ರ ಎರಡು ಸಲ ಒತ್ತಿ ತಿದ್ದಿದರು.

ನಿಮ್ಮ ಮಗಳು,
ಅಪೂರ್ವ

ಗುರುಗಳೇ,
ಒಂದು ಕೂಡಿಸಿ, ಬಿಡಬೇಡಿ.
ಸಾಂಬಶಿವ